ರೈಫಲ್ ಶೂಟಿಂಗ್ ತರಬೇತಿಯ ಎಲೆಕ್ಟ್ರಾನಿಕ್ ಸೆನ್ಸರ್: ಜೀರೋ ಮಾಡುವ ಬಗೆ

ಕಾಗದದ ಗುರಿಫಲಕದ ಮೇಲಿನ ತೂತು ಗುಂಡು ಎಲ್ಲಿ ತಾಗಿತೆಂದು ಹೇಳುತ್ತದೆ, ಅಷ್ಟೆ. ಅದಕ್ಕೆ ಮುಂಚಿನ ಏಳೆಂಟು ಸೆಕೆಂಡು ರೈಫಲ್ ಎಲ್ಲೆಲ್ಲಿ ಸುತ್ತಾಡಿತು, ಟ್ರಿಗರ್ ಒತ್ತುವಾಗ ಯಾವ ಕಡೆಗೆ ಜಗ್ಗಿತು, ಗುಂಡು ಹೊರಟ ಮೇಲೆ ಶೂಟರ್ ನಿಲುವನ್ನು ಹಿಡಿದಿಟ್ಟುಕೊಂಡರೋ ಸಡಿಲ ಬಿಟ್ಟರೋ ಎಂಬ ಪ್ರಶ್ನೆಗಳಿಗೆ ತೂತಿನಲ್ಲಿ ಉತ್ತರವಿಲ್ಲ. ಆ ಉತ್ತರಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಗೆರೆಯಾಗಿ ಎಳೆದು ತೋರಿಸಲೆಂದೇ ನಳಿಗೆಗೆ ಕಟ್ಟುವ ಚಿಕ್ಕ ಎಲೆಕ್ಟ್ರಾನಿಕ್ ಸೆನ್ಸರ್ ಬಂದಿದೆ. ಆದರೆ ಈ ಸೆನ್ಸರ್‌ಗೆ ಗುಂಡು ಕಾಣುವುದಿಲ್ಲ. ನಳಿಗೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದಷ್ಟೇ ಅದರ ಅಳತೆಗೆ ಸಿಗುವ ವಿಷಯ. ಆ ದಿಕ್ಕನ್ನು ಗುರಿಫಲಕದ ಮಿಲಿಮೀಟರುಗಳೊಂದಿಗೆ ತಾಳೆ ಹಾಕುವ ಕೆಲಸಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ. ರೇಂಜಿನ ಮಾತಿನಲ್ಲಿ ಅದು ‘ಜೀರೋ ಮಾಡುವುದು’. ಪಾಸಂಗ ನೋಡದ ತಕ್ಕಡಿಯ ಹಾಗೆ, ಜೀರೋ ಆಗದ ಸೆನ್ಸರ್ ಕೂಡ ಅಚ್ಚುಕಟ್ಟಾದ ಅಂಕಿಗಳನ್ನೇ ಕೊಡುತ್ತದೆ. ಅಂಕಿ ಅಚ್ಚುಕಟ್ಟಾಗಿರುವುದರಿಂದಲೇ ಅದರ ತಪ್ಪು ಬೇಗ ಗೊತ್ತಾಗುವುದಿಲ್ಲ.

ಎಷ್ಟು ಸಣ್ಣ ಅಳತೆಗಳ ಜೊತೆ ಈ ವ್ಯವಹಾರ ಎಂಬುದನ್ನು 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಫಲಕವೇ ಹೇಳುತ್ತದೆ. ಅದರ ನಡುವಿನ ಹತ್ತರ ವೃತ್ತ ಬರೀ 0.5 ಮಿ.ಮೀ. ವ್ಯಾಸದ ಚುಕ್ಕೆ. ಒಂದು ವೃತ್ತದಿಂದ ಮುಂದಿನದಕ್ಕೆ 2.5 ಮಿ.ಮೀ. ಅಂತರ. ಕಣ್ಣಿಗೆ ಕಾಣುವ ಕಪ್ಪು ಭಾಗದ ವ್ಯಾಸ 30.5 ಮಿ.ಮೀ. ಪೆಲೆಟ್ಟಿನ ವ್ಯಾಸ 4.5 ಮಿ.ಮೀ. ಇರುವುದರಿಂದ ಅದರ ಅಂಚು ಆ ಚುಕ್ಕೆಯನ್ನು ಮುಟ್ಟಿದರೂ ಹತ್ತು ಅಂಕ ಸಿಗುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಷನ್ 2013ರಿಂದ ಏರ್ ರೈಫಲ್‌ನ ಅರ್ಹತಾ ಸುತ್ತಿನಲ್ಲೂ ದಶಾಂಶ ಅಂಕ ಎಣಿಸಲು ತೊಡಗಿದ ಮೇಲೆ ಬರೀ ಹತ್ತು ಹೊಡೆದರೆ ಸಾಲದಾಯಿತು. ಒಂದು ದಶಾಂಶಕ್ಕೆ ಕಾಲು ಮಿಲಿಮೀಟರ್ ಲೆಕ್ಕ. 10.9 ಬೇಕೆಂದರೆ ಪೆಲೆಟ್ಟಿನ ನಡು ಫಲಕದ ನಡುವಿನಿಂದ 0.25 ಮಿ.ಮೀ. ಒಳಗೇ ಬೀಳಬೇಕು. 60 ಗುಂಡುಗಳಲ್ಲಿ 630 ಅಂಕ ಗಳಿಸುವವರ ಸರಾಸರಿ 10.5, ಅಂದರೆ ಅವರ ಗುಂಡುಗಳು ನಡುವಿನಿಂದ ಸರಾಸರಿ ಒಂದು ಮಿಲಿಮೀಟರಿನ ಆಸುಪಾಸಿನಲ್ಲೇ ಬೀಳುತ್ತಿವೆ. 50 ಮೀಟರ್ ರೈಫಲ್ ಫಲಕದಲ್ಲಿ ಹತ್ತರ ವೃತ್ತ 10.4 ಮಿ.ಮೀ., ವೃತ್ತಗಳ ಅಂತರ 8 ಮಿ.ಮೀ., ದಶಾಂಶಕ್ಕೆ 0.8 ಮಿ.ಮೀ.

ಇದನ್ನೇ ರೈಫಲ್ಲಿನ ಕಡೆಯಿಂದ ನೋಡಿದರೆ ಕಷ್ಟ ಇನ್ನೂ ಸ್ಪಷ್ಟವಾಗುತ್ತದೆ. ಫ್ರಂಟ್ ಸೈಟಿಗೂ ಕಣ್ಣಿನ ಹತ್ತಿರದ ಡಯಾಪ್ಟರಿಗೂ ನಡುವೆ 80 ಸೆಂ.ಮೀ. ಇದ್ದರೆ, ಫ್ರಂಟ್ ಸೈಟ್ 0.2 ಮಿ.ಮೀ. ಪಕ್ಕಕ್ಕೆ ಸರಿದರೂ 10 ಮೀಟರ್ ಆಚೆ ಒಂದಿಡೀ ವೃತ್ತ ಕೈತಪ್ಪುತ್ತದೆ. ಸೆನ್ಸರ್ ಇನ್ನೂ ಗಿಡ್ಡ. ಐದು ಸೆಂ.ಮೀ. ಉದ್ದದ ಸೆನ್ಸರಿನ ಒಂದು ತುದಿ ಮಿಲಿಮೀಟರಿನ 80ನೇ ಒಂದು ಭಾಗ ಅಲುಗಿದರೆ ಪರದೆಯ ಮೇಲೆ ಒಂದು ವೃತ್ತದಷ್ಟು ವ್ಯತ್ಯಾಸ. ಕ್ಯಾಲಿಬ್ರೇಶನ್ ಕುರಿತ ಎಲ್ಲ ಮಾತುಕತೆಯೂ ಹೊರಡುವುದು ಈ ಲೆಕ್ಕದಿಂದ.

ಇಂಥ ಸಾಧನಗಳಲ್ಲಿ ಹೆಚ್ಚು ಪರಿಚಿತವಾದದ್ದು ರಷ್ಯಾದ ಸ್ಕ್ಯಾಟ್. 1991ರಿಂದ ತಯಾರಾಗುತ್ತಿರುವ ಇದರ ಹೆಸರು ಎಷ್ಟೋ ರೇಂಜುಗಳಲ್ಲಿ ಸಾಧನದ ಜಾತಿಗೇ ಅಂಟಿಕೊಂಡಿದೆ. ಯಾವ ಕಂಪನಿಯ ಸೆನ್ಸರ್ ಕಟ್ಟಿಕೊಂಡರೂ ‘ಸ್ಕ್ಯಾಟ್ ಮಾಡುತ್ತಿದ್ದೇನೆ’ ಎನ್ನುವವರಿದ್ದಾರೆ. ಫಿನ್‌ಲೆಂಡಿನ ಊಲು ನಗರದ ನಾಪ್‌ಟೆಲ್ ಇನ್ನೊಂದು ಹಳೆಯ ಹೆಸರು. ಕ್ರೀಡಾ ವಿಜ್ಞಾನದ ಪ್ರಯೋಗಾಲಯಗಳಲ್ಲಿ ಅದರ ಬಳಕೆ ಹೆಚ್ಚು. ಆಸ್ಟ್ರಿಯಾದ ರಿಕಾ ಮನೆಯಲ್ಲಿ ಅಭ್ಯಾಸ ಮಾಡುವವರಿಗೆಂದು ಸಾಧನ ತಂದಿತು. ಗುಂಡಿನ ಪೆಟ್ಟನ್ನೇ ಅಳೆದು ಅಂಕ ಕೊಡುವ ಸ್ವಿಟ್ಜರ್ಲೆಂಡಿನ ಸಿಯುಸ್, ಜರ್ಮನಿಯ ಮೇಟನ್ ಕಂಪನಿಗಳ ಎಲೆಕ್ಟ್ರಾನಿಕ್ ಗುರಿಫಲಕಗಳು ಬೇರೆ ವರ್ಗದವು. ಅವು ಫಲಿತಾಂಶ ಅಳೆಯುತ್ತವೆ; ಸೆನ್ಸರ್ ಅಳೆಯುವುದು ಅದರ ಹಿಂದಿನ ಕ್ರಿಯೆಯನ್ನು. ಸ್ಪರ್ಧೆಯಲ್ಲಿ ಇಂಥ ಸೆನ್ಸರ್ ಕಟ್ಟಿಕೊಳ್ಳಲು ಅನುಮತಿ ಇಲ್ಲ.

ಕೆಲಸ ಮಾಡುವ ಬಗೆ ಮೂರು. ಹಳೆಯ ಸ್ಕ್ಯಾಟ್‌ನಲ್ಲಿ ಗುರಿಫಲಕದ ಸುತ್ತಲಿನ ಚೌಕಟ್ಟಿನಲ್ಲಿ ಅವಕೆಂಪು ದೀಪಗಳಿರುತ್ತವೆ. ನಳಿಗೆಯ ಮೇಲಿನ ಸೆನ್ಸರ್ ಅವುಗಳನ್ನು ನೋಡಿ ತಾನು ಎತ್ತ ಮುಖ ಮಾಡಿದ್ದೇನೆಂದು ಲೆಕ್ಕ ಹಾಕುತ್ತದೆ. ನಾಪ್‌ಟೆಲ್‌ನಲ್ಲಿ ರೈಫಲ್ ಮೇಲಿನ ಘಟಕವೇ ಅವಕೆಂಪು ಕಿರಣ ಬಿಡುತ್ತದೆ. ಫಲಕದ ಬಳಿ ಇಟ್ಟ ಪ್ರಿಸಂ ಅದನ್ನು ಹಿಂದಕ್ಕೆ ಕಳಿಸುತ್ತದೆ. ಸ್ಕ್ಯಾಟ್‌ನ ಎಂಎಕ್ಸ್ ಸರಣಿಯಂಥ ಹೊಸ ಮಾದರಿಗಳಲ್ಲಿ ಚೌಕಟ್ಟೂ ಇಲ್ಲ, ಪ್ರಿಸಂ ಕೂಡ ಇಲ್ಲ. ಒಂದು ಪುಟ್ಟ ಕ್ಯಾಮೆರಾ ಫಲಕದ ಕಪ್ಪು ವೃತ್ತವನ್ನೇ ಹುಡುಕಿ ಅದರ ಚಲನೆಯನ್ನು ಹಿಂಬಾಲಿಸುತ್ತದೆ. ಹೀಗಾಗಿ ನಿಜವಾದ ರೇಂಜಿನಲ್ಲಿ ನಿಜವಾದ ಗುಂಡು ಹೊಡೆಯುತ್ತಲೇ ಗೆರೆ ದಾಖಲಿಸುವುದು ಸುಲಭವಾಯಿತು.

ಸ್ಕ್ಯಾಟ್ ಪರದೆಯ ಗೆರೆಗೆ ನಾಲ್ಕು ಬಣ್ಣ. ರೈಫಲ್ ಗುರಿಯತ್ತ ಬರುವಾಗ ಹಸಿರು, ಗುಂಡಿಗೆ ಮುಂಚಿನ ಕೊನೆಯ ಒಂದು ಸೆಕೆಂಡು ಹಳದಿ, ಅದರಲ್ಲೂ ಕೊನೆಯ 0.2 ಸೆಕೆಂಡು ನೀಲಿ, ಗುಂಡು ಹೊರಟ ಮೇಲೆ ಕೆಂಪು. ಕೋಚ್‌ಗಳು ಮೊದಲು ನೋಡುವುದು ನೀಲಿಯನ್ನು. ಹಳದಿ ಗೆರೆ ನಡುವಿನಲ್ಲೇ ಉಂಡೆಯಾಗಿದ್ದು ನೀಲಿ ಮಾತ್ರ ಹೊರಕ್ಕೆ ಚಾಚಿದ್ದರೆ ಹಿಡಿತ ಚೆನ್ನಾಗಿದೆ, ಟ್ರಿಗರ್ ಒತ್ತುವಾಗ ಕೈ ಕೆಟ್ಟಿದೆ ಎಂದರ್ಥ.

ಕ್ಯಾಲಿಬ್ರೇಶನ್‌ಗೆ ಮುಂಚೆ ಸುರಕ್ಷತೆ. ಡ್ರೈ ಫೈರ್ ಅಂದರೆ ಗುಂಡಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ. ರೈಫಲ್ ಖಾಲಿ ಇದೆಯೆಂದು ಕಣ್ಣಾರೆ ನೋಡಿ, ಪೆಲೆಟ್ ಡಬ್ಬಿಯನ್ನು ಆ ಜಾಗದಿಂದಲೇ ದೂರ ಇಟ್ಟು, ಆಮೇಲೆ ಸೆನ್ಸರ್ ಕಟ್ಟಬೇಕು. ಮನೆಯೊಳಗೆ ಅಭ್ಯಾಸ ಮಾಡುವವರಿಗೆ ಈ ಮಾತು ಎರಡು ಪಟ್ಟು ಅನ್ವಯ.

ಸೆನ್ಸರ್ ಕಟ್ಟುವ ಜಾಗ ನಳಿಗೆಯ ತುದಿಯ ಹತ್ತಿರ, ಸಾಮಾನ್ಯವಾಗಿ ಕೆಳಗಡೆ, ಸೈಟಿನ ನೋಟಕ್ಕೆ ಅಡ್ಡ ಬಾರದ ಕಡೆ. ಕ್ಲ್ಯಾಂಪಿನ ಸ್ಕ್ರೂ ಬಿಗಿಯಾಗಿರಬೇಕು. ಎಣ್ಣೆ ಮೆತ್ತಿದ ನಳಿಗೆಯನ್ನು ಒರೆಸಿಯೇ ಕಟ್ಟಬೇಕು. ಅಲುಗಾಟದ ಲೆಕ್ಕ ಮೇಲೆಯೇ ಇದೆ. ವೈರ್ ಇರುವ ಮಾದರಿಯಾದರೆ ಅದು ನೇತಾಡಿ ರೈಫಲನ್ನು ಎಳೆಯದಂತೆ ಕಟ್ಟಿಕೊಳ್ಳಬೇಕು. ಸೆನ್ಸರಿನ ತೂಕ ಹತ್ತಾರು ಗ್ರಾಂ ಅಷ್ಟೆ. 5.5 ಕಿಲೋ ಮಿತಿಯ ಏರ್ ರೈಫಲ್‌ಗೆ ಅದು ಏನೂ ಅಲ್ಲ ಅನ್ನಿಸಬಹುದು. ಆದರೆ ತುದಿಯಲ್ಲಿ ಕೂರುವ ತೂಕ ರೈಫಲ್ಲಿನ ಸಮತೋಲವನ್ನು ಬದಲಿಸುತ್ತದೆ. ಅಷ್ಟೇ ತೂಕದ ಬ್ಯಾರೆಲ್ ತೂಕವನ್ನು ತೆಗೆದಿಟ್ಟು ಅಭ್ಯಾಸ ಮಾಡುವವರ ಎಚ್ಚರಿಕೆ ಸರಿಯಾದದ್ದೇ. ಸೆನ್ಸರನ್ನು ಕೈಯಿಂದ ಹೊಂದಿಸುವಾಗ ಸೈಟ್ ಗುರಿಯ ಮೇಲಿದ್ದಾಗ ಸೆನ್ಸರಿನ ಕಣ್ಣಿಗೂ ಗುರಿ ನೋಟದ ನಡುವಿನಲ್ಲೇ ಬೀಳುವಂತೆ ಮಾಡಬೇಕು. ಉಳಿದದ್ದನ್ನು ಸಾಫ್ಟ್‌ವೇರ್ ಸರಿಪಡಿಸುತ್ತದೆಂದು ಓರೆಯಾಗಿ ಕಟ್ಟಿದರೆ ಗುರಿ ನೋಟದ ಅಂಚಿಗೆ ಹೋಗುತ್ತದೆ. ಲೆನ್ಸಿನ ಅಂಚಿನಲ್ಲಿ ಅಳತೆ ನಡುವಿನಷ್ಟು ನಂಬಿಕೆಗೆ ಅರ್ಹವಲ್ಲ.

ಮುಂದಿನದು ಅಳತೆಗೋಲು. ಚೌಕಟ್ಟಿನ ಸೆನ್ಸರ್‌ಗೆ ದೂರ ಹೇಳಿಕೊಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ಗುರಿಗೂ ಫೈರಿಂಗ್ ಲೈನಿಗೂ 10 ಮೀಟರ್ ಇದ್ದರೂ, ನಿಂತ ಶೂಟರಿನ ನಳಿಗೆ ಆ ಗೆರೆ ದಾಟಿ ಮುಂದಕ್ಕೆ ಚಾಚಿರುತ್ತದೆ. ಸಾಧನ ಕೇಳುವುದು ಗೆರೆಯಿಂದ ಗುರಿಗಿರುವ ದೂರವನ್ನೋ ಸೆನ್ಸರಿನಿಂದ ಗುರಿಗಿರುವ ದೂರವನ್ನೋ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳದೆ ಅಂಕಿ ತುಂಬಿದರೆ ಎಲ್ಲ ಅಳತೆಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ. 10 ಮೀಟರಿಗೆ 70 ಸೆಂ.ಮೀ. ತಪ್ಪಿದರೆ ಶೇ. 7ರಷ್ಟು ತಪ್ಪು. ಕ್ಯಾಮೆರಾ ಸೆನ್ಸರಿನಲ್ಲಿ ಸಮಸ್ಯೆ ಬೇರೆ. ಕಪ್ಪು ವೃತ್ತದ ವ್ಯಾಸವೇ ಅಲ್ಲಿ ಅಳತೆಗೋಲು. ಆದ್ದರಿಂದ ಸಾಫ್ಟ್‌ವೇರಿನಲ್ಲಿ ಆರಿಸಿದ ಫಲಕವೂ ಗೋಡೆಯ ಮೇಲಿನ ಫಲಕವೂ ಒಂದೇ ಆಗಿರಬೇಕು.

ಮನೆಯಲ್ಲಿ ಹತ್ತು ಮೀಟರ್ ಸಿಗದವರು ಗುರಿಯನ್ನು ಚಿಕ್ಕದು ಮಾಡಿಕೊಂಡು ಅಭ್ಯಾಸ ಮಾಡುತ್ತಾರೆ. 5 ಮೀಟರ್‌ಗೆ ಕಪ್ಪು ಭಾಗ 15.25 ಮಿ.ಮೀ. ಇದ್ದರೆ ಸೈಟಿನೊಳಗೆ ಅದೇ ಚಿತ್ರ ಕಾಣುತ್ತದೆ. ಆದರೆ ಎತ್ತರ? ಸ್ಪರ್ಧೆಯಲ್ಲಿ 10 ಮೀಟರ್ ಫಲಕದ ನಡು ನೆಲದಿಂದ 1.40 ಮೀಟರ್ ಮೇಲಿರುತ್ತದೆ. ಕಣ್ಣಿಗೂ ಫಲಕಕ್ಕೂ ಇರುವ ಎತ್ತರದ ವ್ಯತ್ಯಾಸವನ್ನೂ ದೂರದ ಪ್ರಮಾಣದಲ್ಲೇ ಅರ್ಧ ಮಾಡದಿದ್ದರೆ ನಳಿಗೆಯ ಇಳಿಜಾರು ಬದಲಾಗಿ, ಮೈಯ ನಿಲುವೇ ಬೇರೆಯಾಗುತ್ತದೆ. ಅಭ್ಯಾಸವಾಗುವುದು ಆ ಬೇರೆ ನಿಲುವು. ಮುದ್ರಣದಲ್ಲೂ ಎಚ್ಚರ ಬೇಕು. ಪ್ರಿಂಟರ್ ಪುಟಕ್ಕೆ ಹೊಂದಿಸಲು ಚಿತ್ರವನ್ನು ತಾನೇ ಕುಗ್ಗಿಸಿರಬಹುದು. ವೃತ್ತವನ್ನು ಕ್ಯಾಲಿಪರ್‌ನಿಂದ ಅಳೆದು ನೋಡುವುದು ಒಳ್ಳೆಯದು.

ಬೆಳಕು ಕೂಡ ಕ್ಯಾಲಿಬ್ರೇಶನ್ನಿನ ಭಾಗವೇ. 10 ಮೀಟರ್ ರೇಂಜಿನಲ್ಲಿ ಫಲಕದ ಮೇಲೆ ಕನಿಷ್ಠ 1500 ಲಕ್ಸ್ ಬೆಳಕು ಬೇಕೆಂಬುದು ಸ್ಪರ್ಧಾ ನಿಯಮ. ಮನೆಯ ಮಂದ ಬೆಳಕಿನಲ್ಲಿ ಕ್ಯಾಮೆರಾಗೆ ಕಪ್ಪು ವೃತ್ತದ ಅಂಚು ಮಸುಕಾಗುತ್ತದೆ. ಅಗ್ಗದ ಎಲ್‌ಇಡಿ ದೀಪ ಕಣ್ಣಿಗೆ ಕಾಣದ ವೇಗದಲ್ಲಿ ಮಿಣುಕಿ ಗೆರೆಯಲ್ಲಿ ಸುಳ್ಳು ನಡುಕ ಮೂಡಿಸಬಹುದು. ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ಅವಕೆಂಪು ಕಿರಣಗಳು ಧಾರಾಳವಾಗಿರುವುದರಿಂದ ಚೌಕಟ್ಟಿನ ಸೆನ್ಸರ್ ತಡವರಿಸುತ್ತದೆ. ರೈಫಲನ್ನು ಸ್ಟ್ಯಾಂಡಿಗೆ ಭದ್ರವಾಗಿ ಕಟ್ಟಿ ಗುರಿಯತ್ತ ನಿಲ್ಲಿಸಿ ಪರದೆ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ: ಯಾರೂ ಮುಟ್ಟದ ರೈಫಲ್ಲಿನ ಗೆರೆ ಅಲುಗುತ್ತಿದ್ದರೆ ಅದು ಶೂಟರಿನ ನಡುಕ ಅಲ್ಲ.

ಇನ್ನು ಜೀರೋ. ಡ್ರೈ ಫೈರ್‌ನಲ್ಲಿ ಇದು ನೋಡಲು ಬಹಳ ಸುಲಭ. ಎಚ್ಚರದಿಂದ ಗುರಿ ಹಿಡಿದು ಟ್ರಿಗರ್ ಒತ್ತಿದರೆ, ಆ ಕ್ಷಣ ಸೆನ್ಸರ್ ನೋಡುತ್ತಿದ್ದ ಬಿಂದುವನ್ನು ಸಾಫ್ಟ್‌ವೇರ್ ಫಲಕದ ನಡು ಎಂದು ಇಟ್ಟುಕೊಳ್ಳುತ್ತದೆ. ಇಲ್ಲಿಗೆ ಕೆಲಸ ಮುಗಿಯಿತೆಂದುಕೊಳ್ಳುವುದೇ ಅತಿ ಸಾಮಾನ್ಯ ತಪ್ಪು. ಒಬ್ಬ ಶೂಟರಿನ ಗುಂಡುಗಳು ನಡುವಿನ ಸುತ್ತ ಒಂದು ಮಿಲಿಮೀಟರ್ ಚದುರುತ್ತವೆ ಎಂದುಕೊಂಡರೆ, ಆ ಒಂದೇ ಒಂದು ಗುಂಡಿನ ಮೇಲೆ ನಿಂತ ಜೀರೋ ಕೂಡ ಅಷ್ಟೇ ತಪ್ಪಿರಬಹುದು. ಹತ್ತು ಗುಂಡುಗಳ ಗ್ರೂಪ್ ತೆಗೆದು ಅದರ ನಡುಬಿಂದುವನ್ನು ಫಲಕದ ನಡುವಿಗೆ ಸರಿಸಿದರೆ ತಪ್ಪು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಜಗ್ಗಿದ ಗುಂಡು ಯಾವುದೆಂದು ಶೂಟರಿಗೇ ಗೊತ್ತಿರುತ್ತದೆ. ಪರದೆ ನೋಡುವ ಮೊದಲೇ ಅದನ್ನು ಬಾಯಿಬಿಟ್ಟು ಹೇಳಿ ಬದಿಗಿಟ್ಟರೆ ಗ್ರೂಪ್ ಪ್ರಾಮಾಣಿಕವಾಗಿ ಉಳಿಯುತ್ತದೆ.

ಈ ಜೀರೋಗೆ ಒಂದು ಮೂಲಭೂತ ಮಿತಿ ಇದೆ. ಇಲ್ಲಿ ಫಲಕದ ನಡುವನ್ನು ತೀರ್ಮಾನಿಸಿದ್ದು ಶೂಟರಿನ ಕಣ್ಣು. ಕೆನ್ನೆ ರೈಫಲ್ಲಿನ ಮೇಲೆ ತಪ್ಪಾಗಿ ಕೂತು, ಡಯಾಪ್ಟರಿನ ತೂತಿನ ನಡುವಿನಲ್ಲಿ ಫ್ರಂಟ್ ಸೈಟ್ ಇಲ್ಲದಿದ್ದರೂ ಅದೇ ತಪ್ಪು ಪ್ರತಿ ಸಲ ಒಂದೇ ಥರ ನಡೆಯುವುದರಿಂದ ಸೆನ್ಸರ್ ಅದನ್ನೇ ಸರಿ ಎಂದು ಒಪ್ಪಿಕೊಳ್ಳುತ್ತದೆ. ಹೀಗಾಗಿ ಡ್ರೈ ಫೈರ್ ಜೀರೋ ನಂಬಿ ಸೈಟನ್ನು ಸರಿಸುವ ತಿರುಪಿನ ಕ್ಲಿಕ್ ತಿರುಗಿಸುವುದು ಸಲ್ಲದು. ಸೈಟನ್ನು ಜೀರೋ ಮಾಡಬೇಕಾದದ್ದು ಕಾಗದದ ಮೇಲೆ, ನಿಜವಾದ ಗುಂಡಿನಿಂದ. ಸೆನ್ಸರನ್ನು ಜೀರೋ ಮಾಡುವುದು ಅದಾದ ಮೇಲೆ.

ನಿಜವಾದ ಗುಂಡು ಹೊಡೆಯುವ ಲೈವ್ ಫೈರ್‌ನಲ್ಲಿ ವಿಧಾನ ಹೀಗೆ: ಮೊದಲು ಸೈಟ್ ಸರಿಮಾಡಿ, ಆಮೇಲೆ ಹೊಸ ಫಲಕಕ್ಕೆ ಹತ್ತು ಗುಂಡು ಹೊಡೆದು, ಕಾಗದದ ಗ್ರೂಪಿನ ನಡು ಎಲ್ಲಿದೆಯೋ ಅಲ್ಲಿಗೆ ಪರದೆಯ ಗ್ರೂಪನ್ನು ಸರಿಸುವುದು. ಒಂದೊಂದು ತೂತೂ ಒಂದೊಂದು ಬಿಂದುವಿಗೆ ಹೊಂದಬೇಕೆಂದು ಹಟ ಹಿಡಿಯಬಾರದು. ಬಲವಾಗಿ ಬಿಗಿದಿಟ್ಟ ರೈಫಲ್ ಕೂಡ ಎಲ್ಲ ಪೆಲೆಟ್ಟುಗಳನ್ನು ಒಂದೇ ತೂತಿಗೆ ಕಳಿಸುವುದಿಲ್ಲ. ತಯಾರಕರು ಹೊಸ ಮ್ಯಾಚ್ ರೈಫಲ್ ಜೊತೆ ಕೊಡುವ ಪರೀಕ್ಷಾ ಫಲಕದಲ್ಲಿ ಆ ಚದುರು ಎಷ್ಟೆಂದು ಕಾಣುತ್ತದೆ. ಪೆಲೆಟ್ಟಿನದೂ ನಳಿಗೆಯದೂ ಆದ ಆ ಚದುರು ಸೆನ್ಸರಿನ ಲೆಕ್ಕದಲ್ಲಿ ಬರುವುದೇ ಇಲ್ಲ.

50 ಮೀಟರ್ ರೇಂಜಿನಲ್ಲಿ ಗಾಳಿಯೂ ಸೇರಿಕೊಳ್ಳುತ್ತದೆ. ಪಾಯಿಂಟ್ 22 ರೈಫಲ್ಲಿನ 5.6 ಮಿ.ಮೀ. ಗುಂಡನ್ನು ಹದವಾದ ಅಡ್ಡಗಾಳಿಯೇ ಒಂದು ವೃತ್ತಕ್ಕಿಂತ ಹೆಚ್ಚು ಪಕ್ಕಕ್ಕೆ ತಳ್ಳಬಲ್ಲದು. ಸೆನ್ಸರ್‌ಗೆ ಗಾಳಿ ಗೊತ್ತಿಲ್ಲ. ಬೀಸುಗಾಳಿಯಲ್ಲಿ ಕಾಗದಕ್ಕೆ ಹೊಂದಿಸಿ ಜೀರೋ ಮಾಡಿದರೆ ಆ ಹೊತ್ತಿನ ಗಾಳಿಯನ್ನೂ ಜೀರೋದಲ್ಲಿ ಸೇರಿಸಿದಂತಾಗುತ್ತದೆ, ಗಾಳಿ ನಿಂತ ಮೇಲೆ ಎಲ್ಲ ಗೆರೆಗಳೂ ಪಕ್ಕಕ್ಕೆ ಕೂರುತ್ತವೆ. ಗಾಳಿ ಬಾವುಟ ಇಳಿದು ನಿಂತ ಬೆಳಗಿನ ಹೊತ್ತೇ ಇದಕ್ಕೆ ಸೂಕ್ತ.

ಎಲ್ಲ ಸರಿಯಾಗಿದೆಯೇ ಎಂದು ನೋಡಲು ಒಂದು ಸರಳ ಪರೀಕ್ಷೆ ಇದೆ. ಇಷ್ಟು ಉಪಯುಕ್ತವಾದದ್ದನ್ನು ಮಾಡುವವರು ಕಡಿಮೆ ಎಂಬುದೇ ಆಶ್ಚರ್ಯ. ಜೀರೋ ಆದ ಮೇಲೆ ಸೈಟನ್ನು ಬಲಕ್ಕೆ ಗೊತ್ತಾದಷ್ಟು ಕ್ಲಿಕ್ ತಿರುಗಿಸಿ, ಮತ್ತೆ ಹತ್ತು ಸಲ ಡ್ರೈ ಫೈರ್ ಮಾಡಬೇಕು. ಕಣ್ಣು ಎಂದಿನಂತೆ ನಡುವನ್ನೇ ಹಿಡಿಯುತ್ತದೆ, ನಳಿಗೆ ಮಾತ್ರ ಬಲಕ್ಕೆ ತಿರುಗಿರುತ್ತದೆ. ಪರದೆಯ ಗ್ರೂಪ್ ಆ ಕ್ಲಿಕ್ಕುಗಳಿಗೆ ತಕ್ಕಷ್ಟೇ ಮಿಲಿಮೀಟರ್ ಬಲಕ್ಕೆ ಸರಿದರೆ ಅಳತೆಗೋಲು ಸರಿ ಇದೆ. ಹೆಚ್ಚೋ ಕಡಿಮೆಯೋ ಸರಿದರೆ ದೂರವೋ ಫಲಕವೋ ತಪ್ಪಿದೆ. ನೇರವಾಗಿ ಬಲಕ್ಕೆ ಸರಿಯದೆ ಮೇಲಕ್ಕೋ ಕೆಳಕ್ಕೋ ಏರಿಳಿದರೆ ಸೆನ್ಸರ್ ನಳಿಗೆಯ ಸುತ್ತ ಓರೆಯಾಗಿ ಕೂತಿದೆ. ಒಂದೇ ಪರೀಕ್ಷೆಯಲ್ಲಿ ಎರಡು ರೋಗ ಪತ್ತೆ. ಮುಗಿದ ಮೇಲೆ ಕ್ಲಿಕ್ಕುಗಳನ್ನು ಎಣಿಸಿ ವಾಪಸು ತರಬೇಕು.

ಗುಂಡು ಹೊರಟ ಕ್ಷಣವನ್ನು ಸೆನ್ಸರ್ ಗುರುತಿಸುವುದು ಸದ್ದಿನಿಂದ ಅಥವಾ ಕಂಪನದಿಂದ. ಡ್ರೈ ಫೈರ್‌ನ ಮೆಲು ‘ಟಿಕ್’ ಕೇಳುವಷ್ಟು ಸೂಕ್ಷ್ಮತೆ ಏರಿಸಿದರೆ ಪಕ್ಕದ ಲೇನಿನ ಗುಂಡನ್ನೂ ತನ್ನದೆಂದು ದಾಖಲಿಸುತ್ತದೆ. ಇಳಿಸಿದರೆ ತನ್ನ ಗುಂಡನ್ನೇ ಬಿಟ್ಟುಬಿಡುತ್ತದೆ. ಲೈವ್ ಫೈರ್‌ಗೂ ಡ್ರೈ ಫೈರ್‌ಗೂ ಬೇರೆ ಬೇರೆ ಮಟ್ಟ ಇಟ್ಟುಕೊಳ್ಳುವುದೇ ದಾರಿ. ಈ ಕ್ಷಣದ ನಿಖರತೆಗೆ ಬೆಲೆಯಿದೆ: ಗುರಿಬಿಂದು ಸೆಕೆಂಡಿಗೆ 50 ಮಿ.ಮೀ. ವೇಗದಲ್ಲಿ ಚಲಿಸುತ್ತಿದ್ದರೆ 5 ಮಿಲಿಸೆಕೆಂಡ್ ತಡವಾದ ಗುರುತು ಕಾಲು ಮಿಲಿಮೀಟರ್ ತಪ್ಪಿಸುತ್ತದೆ, ಅಂದರೆ ಒಂದು ದಶಾಂಶ.

ಚಲನೆಯಿಂದ ಇನ್ನೊಂದು ತೊಡಕೂ ಇದೆ. ಮ್ಯಾಚ್ ಏರ್ ರೈಫಲ್ಲಿನ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಟು 10 ಮೀಟರ್ ದಾಟಲು ಸುಮಾರು 0.06 ಸೆಕೆಂಡು ತೆಗೆದುಕೊಳ್ಳುತ್ತದೆ. ಹೊರಡುವಾಗ ನಳಿಗೆಯ ತುದಿ ಪಕ್ಕಕ್ಕೆ ಚಲಿಸುತ್ತಿದ್ದರೆ ಆ ಪಕ್ಕದ ವೇಗವೂ ಪೆಲೆಟ್ಟಿಗೆ ಬರುತ್ತದೆ. ತುದಿ ಸೆಕೆಂಡಿಗೆ 5 ಮಿ.ಮೀ. ಸರಿಯುತ್ತಿದ್ದರೂ ಗುರಿಯಲ್ಲಿ 0.3 ಮಿ.ಮೀ. ವ್ಯತ್ಯಾಸ. ನಳಿಗೆಯ ದಿಕ್ಕು ಮಾತ್ರ ನೋಡುವ ಸೆನ್ಸರಿನಲ್ಲಿ ಇದನ್ನು ಅಂದಾಜಿಸಲು ಸ್ಕ್ಯಾಟ್‌ನಂಥ ಸಾಫ್ಟ್‌ವೇರ್‌ಗಳು ಒಂದು ಗುಣಾಂಕವನ್ನು ಇಟ್ಟಿವೆ. ಅದಕ್ಕೆ ಎಫ್ ಗುಣಾಂಕ ಎಂದು ಹೆಸರು. ಅದನ್ನು ಏರಿಸಿದಷ್ಟೂ ಜಗ್ಗಿದ ಗುಂಡಿಗೆ ಪರದೆಯ ಮೇಲೆ ಹೆಚ್ಚು ಶಿಕ್ಷೆ. ಡ್ರೈ ಫೈರ್‌ನ ಅಂಕ ಮ್ಯಾಚ್ ಅಂಕಕ್ಕಿಂತ ಸದಾ ಚೆನ್ನಾಗಿ ಕಂಡರೆ ಈ ಗುಣಾಂಕ ಎಷ್ಟಿದೆ ಎಂದು ನೋಡಬೇಕು. ಅಂಕ ಹೆಚ್ಚಾಗಿ ಕಾಣಲೆಂದು ಅದನ್ನು ಇಳಿಸುವುದು ತನಗೆ ತಾನೇ ಮಾಡಿಕೊಳ್ಳುವ ಮೋಸ.

ರೈಫಲ್ ಓರೆಯಾಗುವುದನ್ನು ಶೂಟರ್‌ಗಳು ಕ್ಯಾಂಟ್ ಎನ್ನುತ್ತಾರೆ. 10 ಮೀಟರ್ ಹಾದಿಯಲ್ಲಿ ಪೆಲೆಟ್ ಭೂಮಿಯ ಸೆಳೆತಕ್ಕೆ ಸಿಕ್ಕಿ ಸುಮಾರು 17 ಮಿ.ಮೀ. ಕೆಳಗಿಳಿಯುತ್ತದೆ. ಅದನ್ನು ಸರಿದೂಗಿಸಲು ನಳಿಗೆ ಸೈಟಿನ ಗೆರೆಗಿಂತ ಸ್ವಲ್ಪ ಮೇಲ್ಮುಖವಾಗಿರುತ್ತದೆ. ರೈಫಲ್ ಐದು ಡಿಗ್ರಿ ವಾಲಿದರೆ ಆ ಮೇಲ್ಮುಖದ ಒಂದು ಪಾಲು ಪಕ್ಕಕ್ಕೆ ತಿರುಗಿ ಪೆಲೆಟ್ ಸುಮಾರು 1.5 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಭೂಮಿಯ ಸೆಳೆತ ಗೊತ್ತಿಲ್ಲದ ಸೆನ್ಸರಿನ ಗೆರೆಯಲ್ಲಿ ಇದು ಮೂಡುವುದಿಲ್ಲ. ಪರದೆಯಲ್ಲಿ 10.7, ಕಾಗದದಲ್ಲಿ 10.1 ಬಂದರೆ ಸೆನ್ಸರನ್ನು ಬಯ್ಯುವ ಮೊದಲು ಫ್ರಂಟ್ ಸೈಟಿನ ಮಟ್ಟ ನೋಡುವುದು ಒಳ್ಳೆಯದು.

ಇಷ್ಟೆಲ್ಲ ಆದ ಮೇಲೆ ಸಾಫ್ಟ್‌ವೇರ್ ಕೊಡುವ ಅಂಕಿಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು? ಎಲ್ಲ ಅಂಕಿಗಳೂ ಜೀರೋ ಮೇಲೆ ಒಂದೇ ಸಮ ನಿಂತಿಲ್ಲ. ಕೊನೆಯ ಸೆಕೆಂಡಿನಲ್ಲಿ ಗುರಿಬಿಂದು ಹತ್ತರ ವೃತ್ತದೊಳಗೆ ಎಷ್ಟು ಹೊತ್ತು ಇತ್ತೆಂಬ ಶೇಕಡಾವಾರು ಅಂಕಿ ಪೂರ್ತಿ ಜೀರೋವನ್ನೇ ನೆಚ್ಚಿಕೊಂಡಿದೆ. ಜೀರೋ ಒಂದು ಮಿಲಿಮೀಟರ್ ತಪ್ಪಿದರೆ ಅದು ಕುಸಿಯುತ್ತದೆ. ಅದರ ಜೊತೆಗೇ ಬರುವ ಇನ್ನೊಂದು ಅಂಕಿ ಇದೆ. ಆ ಗುಂಡಿನ ಗುರಿಬಿಂದುಗಳ ಸರಾಸರಿ ಜಾಗವನ್ನೇ ನಡುವೆಂದು ಇಟ್ಟುಕೊಂಡು, ಅದರ ಸುತ್ತ ಹತ್ತರ ವೃತ್ತದಷ್ಟು ಜಾಗದಲ್ಲಿ ರೈಫಲ್ ಎಷ್ಟು ಹೊತ್ತು ನಿಂತಿತೆಂದು ಅದು ಹೇಳುತ್ತದೆ. ಜೀರೋ ತಪ್ಪಿದರೂ ಇದು ಬದಲಾಗುವುದಿಲ್ಲ. ಗೆರೆಯ ಉದ್ದವೂ ವೇಗವೂ ಹಾಗೆಯೇ. ಅವುಗಳನ್ನು ಕೆಡಿಸುವುದು ತಪ್ಪು ಅಳತೆಗೋಲು, ಜೀರೋ ಅಲ್ಲ. ಮೊದಲನೆಯ ಶೇಕಡಾವಾರು ಕಡಿಮೆ, ಎರಡನೆಯದು ಹೆಚ್ಚು ಇದ್ದರೆ ಹಿಡಿತ ಗಟ್ಟಿಯಾಗಿದೆ, ಜಾಗ ತಪ್ಪಿದೆ. ಜೀರೋ ಸರಿದಿರಬಹುದು, ಅಥವಾ ಶೂಟರಿನ ಪಾದದ ನಿಲುವೇ ರೈಫಲನ್ನು ಪಕ್ಕಕ್ಕೆ ಒಯ್ಯುತ್ತಿರಬಹುದು. ಫಿನ್‌ಲೆಂಡಿನ ಸಂಶೋಧಕ ಸಿಮೊ ಇಹಾಲಾಯ್ನೆನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಏರ್ ರೈಫಲ್ ಸಾಮರ್ಥ್ಯವನ್ನು ಹಿಡಿತದ ಸ್ಥಿರತೆ, ಗುರಿಯ ನಿಖರತೆ, ಟ್ರಿಗರ್ ಒತ್ತುವ ಶುದ್ಧತೆ ಮತ್ತು ಒತ್ತುವ ಸಮಯ ಎಂಬ ಅಂಶಗಳಾಗಿ ಬಿಡಿಸಿ ನೋಡಿತು. ಇವುಗಳಲ್ಲಿ ಗುರಿಯ ನಿಖರತೆ ನೇರವಾಗಿ ಜೀರೋಗೆ ಕಟ್ಟುಬಿದ್ದಿದೆ ಎಂಬುದನ್ನು ಗಮನಿಸಬೇಕು.

ಈ ವ್ಯತ್ಯಾಸ ತಿಳಿಯದವರು ಮಾಡುವ ದೊಡ್ಡ ತಪ್ಪೆಂದರೆ ಎರಡು ಗುಂಡಿಗೊಮ್ಮೆ ಜೀರೋ ಸರಿಸುತ್ತಾ ಹೋಗುವುದು. ಎಲ್ಲ ಗುಂಡುಗಳೂ ಎಡಕ್ಕೆ ಬೀಳುತ್ತಿವೆ ಎಂಬುದೇ ಒಂದು ಸುದ್ದಿ. ಅದನ್ನು ಮೌಸ್‌ನಿಂದ ನಡುವಿಗೆ ಎಳೆದರೆ ಪರದೆ ಚೆಂದವಾಗುತ್ತದೆ, ಸುದ್ದಿ ಅಳಿಸಿಹೋಗುತ್ತದೆ. ಅಭ್ಯಾಸದ ಆರಂಭದಲ್ಲಿ ಜೀರೋ, ನಡುವೆ ಮುಟ್ಟದಿರುವುದು, ಕೊನೆಗೆ ಮತ್ತೊಂದು ಗ್ರೂಪ್ ತೆಗೆದು ಜೀರೋ ಎಷ್ಟು ಸರಿದಿದೆ ಎಂದು ನೋಡುವುದು ಸರಿಯಾದ ಕ್ರಮ. ಪಾಯಿಂಟ್ 22 ರೈಫಲ್ಲಿನ ಒದೆತಕ್ಕೆ ಕ್ಲ್ಯಾಂಪ್ ಸಡಿಲಾಗುವ ಸಾಧ್ಯತೆ ಹೆಚ್ಚಾದ್ದರಿಂದ ಅಲ್ಲಿ ಈ ಕೊನೆಯ ಪರೀಕ್ಷೆ ಬಿಡುವಂತೆಯೇ ಇಲ್ಲ.

ತನ್ನ ಹಿಡಿತ ಯಾವುದು, ಸಾಧನದ ತಪ್ಪು ಯಾವುದು ಎಂದು ಬೇರ್ಪಡಿಸಬಲ್ಲ ಶೂಟರಿಗೆ ಅದರ ಬೆಲೆ ಮ್ಯಾಚಿನಲ್ಲಿ ಸಿಗುತ್ತದೆ. 2008ರ ಆಗಸ್ಟ್ 11ರಂದು ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಫೈನಲ್‌ಗೆ ಮುಂಚೆ ಹೊಡೆದ ಸೈಟರ್, ಅಂದರೆ ಅಂಕಕ್ಕೆ ಸೇರದ ಪರೀಕ್ಷಾ ಗುಂಡು, ನಾಲ್ಕರ ಆಸುಪಾಸಿಗೆ ಹೋಯಿತು. ಯಾರೋ ಸೈಟನ್ನು ಕದಲಿಸಿದ್ದರೆಂದು ಅವರು 2011ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಸ್ವಂತ ಹಿಡಿತವನ್ನು ಅನುಮಾನಿಸುತ್ತಾ ಕೂತಿದ್ದರೆ ಫೈನಲ್ ಅಲ್ಲಿಗೇ ಮುಗಿಯುತ್ತಿತ್ತು. ಅವರು ಕ್ಲಿಕ್ ತಿರುಗಿಸಿ ಸೈಟ್ ಸರಿಮಾಡಿಕೊಂಡರು. ಕೊನೆಯ ಗುಂಡಿಗೆ ಮುಂಚೆ ಫಿನ್‌ಲೆಂಡಿನ ಹೆನ್ರಿ ಹಾಕಿನೆನ್ ಅವರೊಂದಿಗೆ ಸಮನಾಗಿದ್ದ ಬಿಂದ್ರಾ ಆ ಗುಂಡಿನಲ್ಲಿ 10.8 ಗಳಿಸಿ, ಒಟ್ಟು 700.5ರೊಂದಿಗೆ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. ಅವರೊಂದಿಗೆ ಕೆಲಸ ಮಾಡಿದ ಕೋಚ್‌ಗಳಾದ ಗ್ಯಾಬಿ ಬ್ಯೂಲ್‌ಮನ್ ಮತ್ತು ಹೈನ್ಜ್ ರೈಂಕೆಮೈಯರ್ ರೈಫಲ್ ತರಬೇತಿಯ ಬಗ್ಗೆ ಜಂಟಿಯಾಗಿ ಬರೆದ ಪುಸ್ತಕ ಕೋಚ್‌ಗಳ ನಡುವೆ ಹೆಸರುವಾಸಿ.

ಕರ್ನಾಟಕದ ನಂಟೂ ಈ ಕ್ರೀಡೆಗೆ ಗಟ್ಟಿಯಾಗಿದೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 40 ಗುಂಡಿಗೆ 400 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನ ಫೈನಲ್ ತಲುಪಿದರು. ಮುಂದೆ ಕೋಚ್ ಆಗಿ, ಟೋಕಿಯೊ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಏರ್ ರೈಫಲ್ ಚಿನ್ನ ಗೆದ್ದ ಅವನಿ ಲೇಖರಾ ಅವರನ್ನು ತರಬೇತುಗೊಳಿಸಿದರು. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಕೈರೊ ವಿಶ್ವಕಪ್‌ನಲ್ಲಿ ಕಂಚು, ಚಾಂಗ್‌ವಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದು ಭಾರತಕ್ಕೆ ಪ್ಯಾರಿಸ್ ಒಲಿಂಪಿಕ್ಸ್ ಕೋಟಾ ದೊರಕಿಸಿದರು. 2020ರ ಲಾಕ್‌ಡೌನ್‌ನಲ್ಲಿ ರೇಂಜುಗಳು ಮುಚ್ಚಿದಾಗ ದೇಶದ ಶೂಟರ್‌ಗಳು ಮನೆಯ ಗೋಡೆಗೆ ಗುರಿ ಅಂಟಿಸಿ ಡ್ರೈ ಫೈರ್ ಮಾಡಿದರು. ಅಂಥ ದಿನಗಳಲ್ಲಿ ದೂರ, ಬೆಳಕು, ಎತ್ತರಗಳ ಲೆಕ್ಕ ಕೋಚ್ ಹತ್ತಿರವಿಲ್ಲದೆ ಶೂಟರಿನ ತಲೆಗೇ ಬಂತು.

ಸೆನ್ಸರಿನ ಬೆಲೆ ಹೆಚ್ಚಾದ್ದರಿಂದ ಕ್ಲಬ್ಬುಗಳಲ್ಲಿ ಒಂದನ್ನೇ ಹಲವರು ಹಂಚಿಕೊಳ್ಳುತ್ತಾರೆ. ಒಂದು ರೈಫಲ್ಲಿನಿಂದ ಇನ್ನೊಂದಕ್ಕೆ ಹೋದ ಸೆನ್ಸರ್ ಹಳೆಯ ಜೀರೋವನ್ನು ಜೊತೆಗೆ ಒಯ್ಯುವುದಿಲ್ಲ. ಪ್ರತಿ ಸಲ ಹೊಸದಾಗಿ ಹೊಂದಿಸಲೇಬೇಕು. ಆದ್ದರಿಂದ ಸೆನ್ಸರ್ ಕೊಳ್ಳುವ ಕ್ಲಬ್ಬುಗಳು ಅದರ ಪೆಟ್ಟಿಗೆಯಲ್ಲೇ ಒಂದು ನೋಟ್‌ಬುಕ್ಕನ್ನೂ ಇಡಲಿ. ಯಾವ ರೈಫಲ್, ಎಷ್ಟು ದೂರ, ಯಾವ ಫಲಕ, ಸದ್ದಿನ ಮಟ್ಟ ಎಷ್ಟು, ಎಫ್ ಗುಣಾಂಕ ಎಷ್ಟು, ಅಭ್ಯಾಸದ ಕೊನೆಯಲ್ಲಿ ಜೀರೋ ಎಷ್ಟು ಸರಿದಿತ್ತು ಎಂದು ಪ್ರತಿ ಶೂಟರ್ ಬರೆದಿಡಲಿ. ಈ ವಿವರಗಳಿಲ್ಲದೆ ಉಳಿಸಿದ ಗೆರೆಗಳನ್ನು ಒಂದು ತಿಂಗಳು ಬಿಟ್ಟು ತೆರೆದು ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿರುವುದಿಲ್ಲ.